ನಾರೀಶಕ್ತಿ ವಂದನ ಅಧಿನಿಯಮ: ಪಾಠವಿಮರ್ಶೆ

ಭಾರತ ಸಂವಿಧಾನದ 106ನೆಯ ತಿದ್ದುಪಡಿಗೆ ಅದರ ಕರ್ತೃಗಳು ‘ನಾರೀಶಕ್ತಿ ವಂದನ ಅಧಿನಿಯಮ’ವೆಂದು ಹೆಸರಿಟ್ಟಿರುವರು. 2023ನೆಯ ಇಸವಿ ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಪಾಠವೇ ಇಲ್ಲಿ ವಿಮರ್ಶೆಗೆ ವಿಷಯವು. ವಂದನವೆಂಬುದು ಸ್ತುತಿ, ಮೀಮಾಂಸಕರ ಮತದಲ್ಲಿ ಸ್ತುತಿಯು ಅರ್ಥವಾದವೇ ಹೊರತು ವಿಧಿಯಲ್ಲ. ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿದಲ್ಲದೆ ಅರ್ಥವಾದಕ್ಕೆ ಪ್ರಾಮಾಣ್ಯವಿಲ್ಲ. ಆದಕಾರಣ ಈ ಗ್ರಂಥದಲ್ಲಿ ವಿಧಿಯೆಲ್ಲಿದೆಯೆಂಬುದನ್ನು ನೋಡತಕ್ಕದ್ದು.

ಲೋಕಸಭೆಗೆ 330ಎ, ವಿಧಾನಸಭೆಗಳಿಗೆ 332ಎ ಎಂಬ ಅನುಚ್ಛೇದಗಳೇ ವಿಧಿವಾಕ್ಯಗಳು. ಸ್ಥಾನಗಳ ಮೂರನೆಯ ಒಂದು ಪಾಲು ಸ್ತ್ರೀಯರಿಗೆ. ಪರಿಶಿಷ್ಟರ ಮೀಸಲು ಸ್ಥಾನಗಳಲ್ಲಿಯೂ ಅದೇ ಪ್ರಮಾಣ. ಇದರ ಆವಶ್ಯಕತೆಯನ್ನು ತುಮಕೂರು ಜಿಲ್ಲೆಯ ನಾಲ್ಕು ಕ್ಷೇತ್ರಗಳೇ ಸಾರುತ್ತವೆ. ಮಧುಗಿರಿಯಲ್ಲಿ 2008ರ ಡಿಸೆಂಬರಿನಲ್ಲಿ ಗೆದ್ದ ಅನಿತಾ ಕುಮಾರಸ್ವಾಮಿಯವರು ಮಾಜಿ ಮುಖ್ಯಮಂತ್ರಿಗಳ ಪತ್ನಿ. ಶಿರಾದಲ್ಲಿ 2020ರಲ್ಲಿ ಸ್ಪರ್ಧಿಸಿ ಸೋತವರು ಮೃತ ಶಾಸಕರ ಪತ್ನಿ. ಎರಡೂ ಉಪಚುನಾವಣೆಗಳೇ ಎಂಬುದು ಗಮನಾರ್ಹವಾಗಿದೆ. 2023ರ ಸಾರ್ವತ್ರಿಕ ಚುನಾವಣೆಯಲ್ಲಿ ಈ ಎರಡರಲ್ಲಿಯೂ, ಪರಿಶಿಷ್ಟ ಜಾತಿಗೆ ಮೀಸಲಾದ ಕೊರಟಗೆರೆ ಪಾವಗಡಗಳಲ್ಲಿಯೂ ಪುರುಷರೇ ಆರಿಸಿ ಬಂದರು. ರಾಜ್ಯದ 224 ಸ್ಥಾನಗಳಲ್ಲಿ ಸ್ತ್ರೀಯರು ಗೆದ್ದುದು 10. ಇದೇ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳಲ್ಲಿಯಾದರೋ 1983ರ ರಾಜ್ಯಶಾಸನದಿಂದ ನಾಲ್ಕನೆಯ ಒಂದು ಪಾಲು, 2010ರಿಂದ ಅರ್ಧಪಾಲು ಅವರದಾಯಿತು. ಆ ಶಾಸನಕ್ಕೆ ಸ್ತುತಿರೂಪವಾದ ನಾಮಧೇಯವೇನೂ ಇರಲಿಲ್ಲ!

ಪ್ರಕೃತ ಗ್ರಂಥದ ದೋಷವಿರುವುದು 334ಎ ಅನುಚ್ಛೇದದಲ್ಲಿ. ಅಧಿನಿಯಮವು ಜಾರಿಗೆ ಬಂದ ಬಳಿಕ ಮೊದಲನೆಯ ಜನಗಣತಿ, ಅದರ ಅಂಕಿಗಳು ಪ್ರಕಟವಾದ ಮೇಲೆ ಕ್ಷೇತ್ರಗಳ ಪುನರ್ವಿಂಗಡಣೆ, ಅದರ ತರುವಾಯ ಮೀಸಲಾತಿ ಎಂಬುದು ಅಲ್ಲಿಯ ಕಾಲನಿಯಮ. ಇರುವ ಸ್ಥಾನಗಳನ್ನು ಮೂರರಿಂದ ಭಾಗಿಸುವುದಕ್ಕೆ ಜನರನ್ನು ಎಣಿಸಬೇಕಾದ ಅಪೇಕ್ಷೆಯೇನು? ಹೇತುವನ್ನು ಗ್ರಂಥವು ಹೇಳುವುದಿಲ್ಲ. ಹೀಗೆ ವಿಧಿಯು ಕಾಲಾಂತರಕ್ಕೆ ಸರಿದು, ಸ್ತುತಿ ಮಾತ್ರ ಸದ್ಯಃಫಲವಾಗಿ ಉಳಿಯಿತು.

ಪಾಠಾಂತರಗಳೊಡನೆ ತೂಗಿದರೆ ದೋಷವು ಇನ್ನೂ ಸ್ಫುಟವಾಗುತ್ತದೆ. ಹೆಚ್. ಡಿ. ದೇವೇಗೌಡರ ಮಂತ್ರಿಮಂಡಲವು 1996ರಲ್ಲಿ ಮಂಡಿಸಿದ ಮಸೂದೆಯಲ್ಲಾಗಲಿ, 2010ರ ಮಾರ್ಚ್ 9ರಂದು ರಾಜ್ಯಸಭೆಯು ಅಂಗೀಕರಿಸಿದ 2008ರ ಮಸೂದೆಯಲ್ಲಾಗಲಿ ಈ ಪ್ರತಿಬಂಧವಿರಲಿಲ್ಲ. ಆದರೆ ಒಂದು ಗುಣವನ್ನು ಮರೆಮಾಚಲಾಗದು. ಹಳೆಯ ಪಾಠಗಳಲ್ಲಿ ಮೀಸಲು ಕ್ಷೇತ್ರವು ಚುನಾವಣೆಯಿಂದ ಚುನಾವಣೆಗೆ ಬದಲಾಗಬೇಕಿತ್ತು. ಐದು ವರ್ಷ ದುಡಿದ ಸದಸ್ಯೆಗೆ ಅದೇ ಕ್ಷೇತ್ರದ ಆಸರೆಯು ತಪ್ಪುತ್ತಿತ್ತು. 2023ರ ಪಾಠದಲ್ಲಿ ಆ ಬದಲಾವಣೆಯು ಪ್ರತಿ ಪುನರ್ವಿಂಗಡಣೆಯ ಬಳಿಕ ಮಾತ್ರ. ಇಲ್ಲಿ ಹೊಸ ಪಾಠವೇ ಸಾಧುವಾದುದು. ರಾಜ್ಯಸಭೆ, ವಿಧಾನಪರಿಷತ್ತುಗಳ ವಿಷಯದಲ್ಲಿ ಮೂರು ಪಾಠಗಳೂ ಮೌನವನ್ನು ತಾಳಿವೆ.