ಪೌರಸಭೆಯಿಲ್ಲದ ಪ್ರಜಾಪ್ರಭುತ್ವ

ಪ್ರಜಾಪ್ರಭುತ್ವದ ಅವನತಿಯನ್ನು ಕುರಿತು ವಿಚಾರಮಾಡುವವರು ಸಾಮಾನ್ಯವಾಗಿ ಸರ್ವಾಧಿಕಾರಿಯ ಉದಯವನ್ನೋ ಸೈನ್ಯದ ದಂಗೆಯನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. 1933ರಲ್ಲಿ ಜರ್ಮನಿಯ ಗಣರಾಜ್ಯವು ಕುಸಿದ ಕಥೆ ನಮ್ಮ ತರಗತಿಗಳಲ್ಲಿ ಹೇಳಿ ಹೇಳಿ ಸವೆದಿದೆ. ಅಂಥ ಗದ್ದಲವಿಲ್ಲದೆ, ನ್ಯಾಯಾಲಯಗಳೂ ಪತ್ರಿಕೆಗಳೂ ತಮ್ಮ ಕೆಲಸವನ್ನು ನಡೆಸುತ್ತಿರುವಾಗಲೇ ಜನಾಧಿಕಾರವು ಕುಗ್ಗಬಹುದೆಂಬುದಕ್ಕೆ ನಮ್ಮ ಬೆಂಗಳೂರಿನ ಪಶ್ಚಿಮ ಭಾಗವು ಸಾಕಾದ ನಿದರ್ಶನ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿಯು 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಐದು ವರ್ಷದ ಅವಧಿ ತೀರುವುದಕ್ಕೆ ಮೊದಲೇ ಚುನಾವಣೆಯು ನಡೆಯತಕ್ಕದ್ದೆಂದು ಸಂವಿಧಾನದ 243ಯು ವಿಧಿಯು ಹೇಳುತ್ತದೆ. 2006ರಲ್ಲಿ ಅಹಮದಾಬಾದಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತ್ತು. ಆದರೂ ಆಡಳಿತವು ಸರ್ಕಾರವು ನೇಮಿಸಿದ ಅಧಿಕಾರಿಯ ಕೈಯಲ್ಲಿಯೇ ಉಳಿಯಿತು. ವಾರ್ಡುಗಳ ಪುನರ್ವಿಂಗಡಣೆಯೆಂಬ ಕಾರಣವನ್ನು ಮುಂದಿಟ್ಟುದುಂಟು. 198 ಇದ್ದ ವಾರ್ಡುಗಳು 2022ರಲ್ಲಿ 243 ಆದವು, 2023ರಲ್ಲಿ 225 ಆದವು. ಈ ಎರಡು ವಿಂಗಡಣೆಗಳಲ್ಲಿ ಒಂದರ ಮೇಲೂ ಮತದಾನವಾಗಲಿಲ್ಲ. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯನ್ನು ಐದಾಗಿ ಒಡೆದು, ರಾಜಾಜಿನಗರ ವಿಜಯನಗರಗಳನ್ನೊಳಗೊಂಡ ಪಶ್ಚಿಮ ನಗರಪಾಲಿಕೆಯನ್ನು ಸ್ಥಾಪಿಸಿದಾಗ ಅದಕ್ಕೆ ವಾರ್ಡಿನಿಂದ ಆರಿಸಿಬಂದ ಒಬ್ಬ ಸದಸ್ಯನೂ ಇರಲಿಲ್ಲ. ಒಂದು ಸಭೆಯ ಆಯುಷ್ಯದಷ್ಟು ಕಾಲವು ಸಭೆಯಿಲ್ಲದೆಯೇ ಕಳೆದಿತ್ತು.

ಈ ನಡುವೆ 2023ರಲ್ಲಿ ವಿಧಾನಸಭೆಗೂ 2024ರಲ್ಲಿ ಲೋಕಸಭೆಗೂ ಇದೇ ಮತದಾರರು ಮತ ನೀಡಿದರು. ರಾಜ್ಯವನ್ನೂ ದೇಶವನ್ನೂ ಆಳುವವರನ್ನು ಆರಿಸಬಲ್ಲವರು ತಮ್ಮ ಬೀದಿಯ ಚರಂಡಿಯನ್ನು ಕುರಿತು ತೀರ್ಮಾನಿಸಲಾರರೇ? ಬಸವೇಶ್ವರನಗರದ ಗೃಹಸ್ಥನು ಕಸದ ದೂರನ್ನು ಹೊತ್ತು ಶಾಸಕರ ಬಾಗಿಲಿಗೆ ಹೋಗಬೇಕಾದರೆ, ಶಾಸನವನ್ನು ರಚಿಸಬೇಕಾದವರ ಹೊತ್ತು ಕಸದ ಗಾಡಿಯ ವಿಚಾರಣೆಗೆ ವ್ಯಯವಾಗುತ್ತದೆ. ಆ ವಿಚಾರಣೆಯ ಅಧಿಕಾರವನ್ನು ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲವೆಂದು ತೋರುತ್ತದೆ. ಸರ್ಕಾರದ ಪಕ್ಷವು 2023ರಲ್ಲಿ ಬದಲಾಯಿತು. ಪೌರಸಭೆಯ ಬರಿದಾದ ಆಸನಗಳು ಹಾಗೆಯೇ ಉಳಿದವು.

ಕೆಂಗೇರಿಯ ಅನುಭವವು ಇದಕ್ಕಿಂತ ಹಳೆಯದು. 2007ರಲ್ಲಿ ಮಹಾನಗರದೊಳಗೆ ಸೇರುವವರೆಗೆ ಆ ಊರಿಗೆ ತನ್ನದೇ ಪುರಸಭೆಯಿತ್ತು. ಸೇರಿದ ಮೇಲೆ 2010ರವರೆಗೆ ಪಾಲಿಕೆಗೆ ಚುನಾವಣೆಯೇ ನಡೆಯಲಿಲ್ಲ.

ಹಿಂದಿನ ಸಭೆಗಳು ಆದರ್ಶವಾಗಿದ್ದವೆಂದು ನಾವು ವಾದಿಸುವುದಿಲ್ಲ. ವಾರ್ಡು ಸಮಿತಿಗಳಿಗೆ ನಿಯಮಗಳಾದುವು. ಆದರೆ ಅವುಗಳ ಹತ್ತು ಮಂದಿ ಸದಸ್ಯರು ನಾಮಕರಣಗೊಂಡವರು, ಜನರು ಆರಿಸಿದವರಲ್ಲ.

ಹಾಗಾದರೆ ಪುನರುಜ್ಜೀವನಕ್ಕೆ ದಾರಿಯುಂಟೇ? ಹಳ್ಳಿಗಳ ವಿಷಯದಲ್ಲಿ ಈ ನಾಡೇ ಒಮ್ಮೆ ದಾರಿ ತೋರಿತ್ತು. ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ತಂದ 1983ರ ಶಾಸನದಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ನಗರಕ್ಕೆ ಅಂಥ ಮಂತ್ರಿಯು ದೊರೆಯಲಿಲ್ಲ. ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳನ್ನೇ ಅಧ್ಯಕ್ಷರನ್ನಾಗಿ ಮಾಡಿದ ಶಾಸನವು ಪಾಲಿಕೆಯನ್ನು ಚಿಕ್ಕದು ಮಾಡಿತು, ನಿಜ. ಅಧಿಕಾರವನ್ನು ಪೌರನ ಹತ್ತಿರಕ್ಕೆ ತಂದಿತೆಂದು ಹೇಳಲಾಗದು. ವಾರ್ಡುಗಳ ಗಡಿಯನ್ನೂ ಚುನಾವಣೆಯ ದಿನವನ್ನೂ ಸರ್ಕಾರದ ಇಚ್ಛೆಯಿಂದ ಬಿಡಿಸಿ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸುವುದು, ವಾರ್ಡು ಸಮಿತಿಯನ್ನು ಮತದಾರರಿಂದಲೇ ಆರಿಸಿ ಅದಕ್ಕೊಂದಿಷ್ಟು ಹಣವನ್ನು ಕೊಡುವುದು: ಇಷ್ಟನ್ನು ಮೊದಲು ಮಾಡಬೇಕೆಂಬುದು ನಮ್ಮ ಅಭಿಪ್ರಾಯ.