ಬೆಳಗಿನ ಕಾದಂಬರಿ, ಮಧ್ಯಾಹ್ನದ ಕಾದಂಬರಿ

ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ಗ್ರಹಾಂ ಗ್ರೀನ್ ಲಂಡನ್ನಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಎರಡು ಕಾದಂಬರಿಗಳನ್ನು ಒಟ್ಟಿಗೇ ಬರೆಯುತ್ತಿದ್ದ. ಬೆಳಗಿನ ಹೊತ್ತು ‘ದಿ ಕಾನ್ಫಿಡೆನ್ಷಿಯಲ್ ಏಜೆಂಟ್’, ಮಧ್ಯಾಹ್ನದ ಮೇಲೆ ‘ದಿ ಪವರ್ ಅಂಡ್ ದಿ ಗ್ಲೋರಿ’. ಯುದ್ಧಕ್ಕೆ ಹೋಗಬೇಕಾಗಿ ಬಂದರೆ ಹೆಂಡತಿ ಮಕ್ಕಳ ಕೈಯಲ್ಲಿ ನಾಲ್ಕು ಕಾಸಿರಲಿ ಎಂದು ಮೊದಲನೆಯದು. ಮೆಕ್ಸಿಕೋ ಸುತ್ತಿ ಬಂದ ಮೇಲೆ ಬಿಡದೆ ಕಾಡುತ್ತಿದ್ದ ವಸ್ತುವೆಂದು ಎರಡನೆಯದು. ದಿನ ಶುರುವಾಗುತ್ತಿದ್ದದ್ದು ಒಂದು ಬೆಂಜೆಡ್ರಿನ್ ಮಾತ್ರೆಯಿಂದ, ನಡುಹಗಲಿಗೆ ಇನ್ನೊಂದು. ಆರು ವಾರಗಳಲ್ಲಿ ಬೆಳಗಿನ ಕಾದಂಬರಿ ಮುಗಿದೇ ಹೋಯಿತು. ಸಾಧಾರಣವಾಗಿ ದಿನಕ್ಕೆ 500 ಪದ ಬರೆಯುವ ಮನುಷ್ಯ ಬೆಳಗಿನಲ್ಲೇ 2,000 ಪದ ಬರೆಯುತ್ತಿದ್ದ. ಮಧ್ಯಾಹ್ನದ ಕಾದಂಬರಿ ಮಾತ್ರ ಎಂದಿನ ಆಮೆ ನಡಿಗೆಯಲ್ಲೇ ಸಾಗಿತು. ಇದನ್ನೆಲ್ಲ ಅವನೇ 1980ರ ‘ವೇಸ್ ಆಫ್ ಎಸ್ಕೇಪ್’ ಎಂಬ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ.

ಮದ್ದು ಮತ್ತು ಬರವಣಿಗೆಯ ಬಗ್ಗೆ ನಾನು ಓದಿದ ಎಷ್ಟೋ ಕಥೆಗಳಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಅದೇ ಮೈ, ಅದೇ ಮೇಜು, ಅದೇ ದಿನ, ಹೊಟ್ಟೆಯಲ್ಲಿ ಅದೇ ಮಾತ್ರೆ. ಪುಸ್ತಕ ಮಾತ್ರ ಎರಡು. ಹಾಗಾದರೆ ಮಾತ್ರೆ ಯಾವುದನ್ನು ಓಡಿಸಿತು, ಯಾವುದನ್ನು ಓಡಿಸಲಾಗಲಿಲ್ಲ? ಈ ಪ್ರಶ್ನೆ ಇಟ್ಟುಕೊಂಡು ಎರಡನ್ನೂ ಬೆನ್ನುಬೆನ್ನಿಗೆ ಓದಿದೆ.

ಓದುವ ಮೊದಲು ಆ ಮಾತ್ರೆಯ ಬಗ್ಗೆ ಸ್ವಲ್ಪ. ಬೆಂಜೆಡ್ರಿನ್ ಎನ್ನುವುದು ಆಂಫೆಟಮಿನ್‌ನ ವ್ಯಾಪಾರದ ಹೆಸರು. ರುಮೇನಿಯಾದ ರಸಾಯನಶಾಸ್ತ್ರಜ್ಞ ಲಾಜಾರ್ ಎಡೆಲೆಯಾನು 1887ರಲ್ಲಿ ಬರ್ಲಿನ್ನಿನಲ್ಲಿ ಅದನ್ನು ಮೊದಲು ತಯಾರಿಸಿದ, ಆಮೇಲೆ ದಶಕಗಟ್ಟಲೆ ಯಾರೂ ಅದರತ್ತ ತಿರುಗಿ ನೋಡಲಿಲ್ಲ. 1929ರಲ್ಲಿ ಗಾರ್ಡನ್ ಆಲೆಸ್ ಎಂಬ ಅಮೆರಿಕನ್ ಅದನ್ನು ತನ್ನ ಮೈಮೇಲೇ ಪ್ರಯೋಗಿಸಿ ನೋಡಿದ. ಮುಂದಿನ ಕೆಲವೇ ವರ್ಷಗಳಲ್ಲಿ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ಅದನ್ನು ಕಟ್ಟಿದ ಮೂಗಿಗೆ ಎಳೆದುಕೊಳ್ಳುವ ಇನ್‌ಹೇಲರ್ ಆಗಿ ಮಾರಿತು, ಆಮೇಲೆ ಮಾತ್ರೆಯಾಗಿ. ನಿದ್ದೆ, ಹಸಿವು ಎರಡನ್ನೂ ಹಿಂದಕ್ಕೆ ತಳ್ಳುವ, ಮಿದುಳಿನಲ್ಲಿ ಡೋಪಮಿನ್ ಉಕ್ಕಿಸುವ, ಗುಂಡಿಗೆಯನ್ನು ಓಡಿಸುವ ವಸ್ತು ಇದು. ಗ್ರೀನ್ ನುಂಗಿದ ಕಾಲದಲ್ಲಿ ಅದಕ್ಕೆ ಕಳ್ಳಮಾಲಿನ ವಾಸನೆ ಇರಲಿಲ್ಲ. ಕವಿ ಆಡೆನ್ ದಿನಾ ಬೆಳಗ್ಗೆ ಬೆಂಜೆಡ್ರಿನ್, ರಾತ್ರಿ ನಿದ್ದೆಮಾತ್ರೆ ಎಂದು ವರ್ಷಾನುಗಟ್ಟಲೆ ಗಡಿಯಾರದಂತೆ ಬದುಕಿದ. ಇವರನ್ನು ಬಂಡಾಯಗಾರರೆಂದು ಓದುವುದು ನನಗೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ಕೆಲಸ ಮುಗಿಸಬೇಕಾಗಿದ್ದ ಗಿರಾಕಿಗಳು ಇವರು, ಅಷ್ಟೆ.

ಈಗ ಬೆಳಗಿನ ಕಾದಂಬರಿ. ಅಂತರ್ಯುದ್ಧದಲ್ಲಿ ಬೇಯುತ್ತಿರುವ, ಹೆಸರು ಹೇಳದ ಒಂದು ದೇಶದಿಂದ (ಸ್ಪೇನ್ ಎಂದು ಯಾರಿಗಾದರೂ ಗೊತ್ತಾಗುತ್ತದೆ) ಡಿ. ಎಂಬ ಪ್ರತಿನಿಧಿ ಕಲ್ಲಿದ್ದಲು ಕೊಳ್ಳಲು ಇಂಗ್ಲೆಂಡಿಗೆ ಬರುತ್ತಾನೆ. ಹಿಂದೆ ಮೇಷ್ಟ್ರಾಗಿದ್ದವನು, ಹಳೆಯ ಫ್ರೆಂಚ್ ಕಾವ್ಯದ ಪಂಡಿತ. ಹೆಂಡತಿಯನ್ನು ತಪ್ಪಾಗಿ ಗುಂಡಿಟ್ಟು ಕೊಂದಿದ್ದಾರೆ. ಎದುರು ಪಾಳಯದ ಎಲ್. ಅದೇ ಹಡಗಿನಲ್ಲಿದ್ದಾನೆ. ದಡ ಮುಟ್ಟಿದ ಗಳಿಗೆಯಿಂದ ಡಿ.ಗೆ ಬಿಡುವಿಲ್ಲ: ಹೊಡೆತ ತಿನ್ನುತ್ತಾನೆ, ಬೀದಿಯಲ್ಲಿ ಗುಂಡು ಹಾರುತ್ತದೆ, ಕಾಗದಪತ್ರ ಕಳವಾಗುತ್ತವೆ. ಹೋಟೆಲಿನ ಒಡತಿ ಯಾರ ಕಡೆಯವಳೋ, ಜಗತ್ತಿಗೆಲ್ಲ ಒಂದೇ ಭಾಷೆ ಕಲಿಸುತ್ತೇನೆಂದು ಶಾಲೆ ತೆರೆದವನ ಸಹಾಯಕ ಯಾರ ಕಡೆಯವನೋ, ತನ್ನನ್ನು ಕಳಿಸಿದವರೇ ತನ್ನನ್ನು ನಂಬುತ್ತಾರೋ ಇಲ್ಲವೋ ಒಂದೂ ತಿಳಿಯದು. ಅವನನ್ನು ನಂಬುವುದು ಹೋಟೆಲಿನ ಕೆಲಸದ ಹುಡುಗಿ ಎಲ್ಸೆ ಒಬ್ಬಳೇ. ಹದಿನಾಲ್ಕು ವರ್ಷದ ಮಗು ಅದು. ಅವಳನ್ನು ಕೊಲ್ಲುತ್ತಾರೆ.

ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಮಾತ್ರೆ ನುಂಗಿ ಬರೆದದ್ದು ಸಪ್ಪೆಯಾಗಿರಲೇಬೇಕು ಎಂದು ಮೊದಲೇ ತೀರ್ಮಾನಿಸಿ ಕೂತ ಓದುಗನಿಗೆ ಈ ಪುಟಗಳು ತಕ್ಕ ಉತ್ತರ ಕೊಡುತ್ತವೆ. ಸುತ್ತಲಿನ ಪ್ರತಿ ಮುಖದಲ್ಲೂ ಸಂಚು ಕಾಣುವ ಮನಸ್ಸು ಇಲ್ಲಿನ ಒಂದೊಂದು ವಾಕ್ಯದಲ್ಲೂ ಇದೆ. ಆಂಫೆಟಮಿನ್ ಮಾಡುವ ಕೇಡುಗಳಲ್ಲಿ ಮುಖ್ಯವಾದದ್ದೇ ಇಂಥ ಸಂಶಯ. ಯಂಗ್ ಮತ್ತು ಸ್ಕೋವಿಲ್ ಎಂಬ ವೈದ್ಯರು, ಹಗಲು ನಿದ್ದೆಯ ಕಾಯಿಲೆಗೆ ಬೆಂಜೆಡ್ರಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಯಾರೋ ಬೆನ್ನಟ್ಟುತ್ತಿದ್ದಾರೆಂಬ ಭ್ರಮೆಯನ್ನು ಕಂಡು ವರದಿ ಮಾಡಿದ್ದು 1938ರಲ್ಲಿ, ಅಂದರೆ ಈ ಕಾದಂಬರಿಗೆ ಒಂದು ವರ್ಷ ಮೊದಲೇ. ಹಾಗೆಂದು ಡಿ.ಯ ಭಯವನ್ನೆಲ್ಲ ಮಾತ್ರೆಯ ಲೆಕ್ಕಕ್ಕೆ ಬರೆಯಲು ನಾನು ತಯಾರಿಲ್ಲ. ಬೆನ್ನಟ್ಟಿಸಿಕೊಂಡ ಮನುಷ್ಯ ಗ್ರೀನ್‌ನ ಹಳೆಯ ಕಾದಂಬರಿಗಳಲ್ಲೂ ಇದ್ದಾನೆ, 1939ರ ಯೂರೋಪಿನಲ್ಲಿ ಸಂಶಯಪಡಲು ಮಾತ್ರೆಯೇ ಬೇಕಿರಲಿಲ್ಲ. ಆದರೆ ಲೇಖಕ ಮೊದಲೇ ಬಲ್ಲ ದಾರಿಯಲ್ಲಿ ಮಾತ್ರೆ ಅವನನ್ನು ಓಡಿಸಿತು ಎನ್ನಬಹುದು.

ಎಡವಿದ್ದು ದಾರಿ ತಿರುಗಬೇಕಾದ ಕಡೆ. ಎಲ್ಸೆಯ ಸಾವಿನ ನಂತರ ಬೇಟೆಗೆ ಸಿಕ್ಕವನು ಬೇಟೆಗಾರನಾಗಬೇಕು. ಆ ಮನುಷ್ಯನಿಗೆ ಸೇಡು ಎಂದರೇನು, ಹಾಳೆಗಳ ನಡುವೆ ಬದುಕಿದ ಮೇಷ್ಟ್ರು ಪಿಸ್ತೂಲು ಹಿಡಿದರೆ ಅವನೊಳಗೆ ಏನಾಗುತ್ತದೆ? ಕಾದಂಬರಿ ಇಲ್ಲಿ ನಿಂತು ಕೇಳಿಕೊಳ್ಳಬೇಕಿತ್ತು. ಅದು ನಿಲ್ಲುವುದಿಲ್ಲ. ಗಣಿ ಊರಿಗೆ ಓಡುತ್ತದೆ, ಅಲ್ಲಿಂದ ತಪ್ಪಿಸಿಕೊಂಡು ಓಡುತ್ತದೆ, ಕೊನೆಗೆ ಹಡಗಿನಲ್ಲಿ ನಾಯಕಿಯನ್ನು ತಂದು ನಿಲ್ಲಿಸಿ ಕೈ ತೊಳೆದುಕೊಳ್ಳುತ್ತದೆ. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆಂದು ತಿಳಿಯದೆಯೇ ದಿನವೂ ಬರೆಯಲು ಕೂರುತ್ತಿದ್ದೆ ಎಂದು ಗ್ರೀನ್ ಒಪ್ಪಿಕೊಂಡಿದ್ದಾನೆ. ಪುಸ್ತಕ ತನ್ನದೇ ಅಲ್ಲವೆನಿಸಿ ಬೇರೆ ಹೆಸರಿನಲ್ಲಿ ಪ್ರಕಟಿಸುವ ಯೋಚನೆಯೂ ಅವನಿಗಿತ್ತು.

ಮಧ್ಯಾಹ್ನದ ಕಾದಂಬರಿಯಲ್ಲಿಯೂ ಬೆನ್ನಟ್ಟಿಸಿಕೊಂಡವನೇ ಇದ್ದಾನೆ: ಧರ್ಮವನ್ನೇ ನಿಷೇಧಿಸಿದ ಮೆಕ್ಸಿಕೋದ ಒಂದು ಪ್ರಾಂತ್ಯದಲ್ಲಿ ತಲೆಮರೆಸಿಕೊಂಡ ಕುಡುಕ ಪಾದ್ರಿ. ಆದರೆ ಅಲ್ಲಿ ಜೈಲಿನ ಒಂದು ರಾತ್ರಿ ಇದೆ. ಕತ್ತಲು, ಕಿಕ್ಕಿರಿದ ಜನ, ದುರ್ವಾಸನೆ. ತಾನು ಪಾದ್ರಿ ಎಂದು ಅವನು ಹೇಳಿಬಿಡುತ್ತಾನೆ. ಹಿಡಿದುಕೊಟ್ಟರೆ ಬಹುಮಾನವಿದೆ, ಆ ಕಳ್ಳರು, ದಿಕ್ಕಿಲ್ಲದವರಲ್ಲಿ ಒಬ್ಬರೂ ಹಿಡಿದುಕೊಡುವುದಿಲ್ಲ. ಕಾದಂಬರಿ ಆ ಕೋಣೆಯಿಂದ ಹೊರಗೆ ಹೋಗಲು ಅವಸರವನ್ನೇ ಮಾಡುವುದಿಲ್ಲ. ಒಂದು ಮಾತು, ಮೌನ, ಕತ್ತಲಲ್ಲಿ ಇನ್ನೊಂದು ದನಿ. ಒಂದೊಂದು ವಾಕ್ಯವೂ ಹತ್ತು ವಾಕ್ಯಗಳನ್ನು ಬೇಡವೆಂದು ಬಿಟ್ಟು ಬಂದಂತಿದೆ. ಬಿಡುವ ಈ ಕೆಲಸಕ್ಕೆ ಮಾತ್ರೆ ನೆರವಾಗಲಿಲ್ಲ. ಹೊಟ್ಟೆಯಲ್ಲಿ ಬೆಂಜೆಡ್ರಿನ್ ಇದ್ದ ಮಧ್ಯಾಹ್ನಗಳಲ್ಲೂ ಆ ಪುಟಗಳು ತಮ್ಮ ವೇಗ ಬದಲಿಸಿಕೊಳ್ಳಲಿಲ್ಲ ಎನ್ನುವುದು ನನಗೆ ಎಷ್ಟು ಸಲ ಯೋಚಿಸಿದರೂ ಸೋಜಿಗ.

ಸಾರ್ತ್ರ್ ಇದನ್ನೇ ತನ್ನ ಅನುಭವದಿಂದ ಹೇಳಿದ್ದಾನೆ. ಅವನದು ಕೋರಿಡ್ರೇನ್, ಆಸ್ಪಿರಿನ್ ಮತ್ತು ಆಂಫೆಟಮಿನ್ ಬೆರೆಸಿದ ಫ್ರೆಂಚ್ ಮಾತ್ರೆ. 1960ರ ‘ಕ್ರಿಟೀಕ್’ ಎಂಬ ಬೃಹತ್ ತತ್ತ್ವಗ್ರಂಥವನ್ನು ಅದನ್ನು ಹಿಡಿಹಿಡಿಯಾಗಿ ಅಗಿಯುತ್ತಾ ಬರೆದ. ಉಸಿರು ಬಿಡಲು ಜಾಗವಿಲ್ಲದ ಅದರ ವಾಕ್ಯಗಳನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ. ಆದರೆ ಕಾದಂಬರಿಗೆ ಅದು ಒಗ್ಗಲಿಲ್ಲವೆಂದು ಮುಪ್ಪಿನಲ್ಲಿ ಬೊವಾಳ ಮುಂದೆ ಹೇಳಿಕೊಂಡ. ಮ್ಯಾಥ್ಯೂ ಎಂಬ ಪಾತ್ರ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಯುವ ಭಾಗವನ್ನು ಹಾಗೆ ಬರೆದು ನೋಡಿದಾಗ ಕಂಡ ಬೀದಿಗೆಲ್ಲ ಉಪಮೆಗಳು ಮುತ್ತಿಕೊಂಡವಂತೆ, ಫಲ ಕೆಟ್ಟದಾಗಿತ್ತಂತೆ.

ನಮ್ಮ ಬೆನ್ನುಡಿಗಳೂ ‘ಒಂದೇ ಉಸಿರಿನಲ್ಲಿ ಬರೆದದ್ದು’ ಎನ್ನುವ ಮಾತಿಗೆ ಸೋಲುತ್ತವಲ್ಲ, ಆ ನಂಬಿಕೆಗೆ ಜಗತ್ತಿನಲ್ಲೆಲ್ಲ ದೊಡ್ಡ ಆಧಾರ ಕೆರೊವಾಕ್. 1951ರ ಏಪ್ರಿಲ್‌ನಲ್ಲಿ ಮೂರು ವಾರ, ಸುಮಾರು 120 ಅಡಿ ಉದ್ದದ ಕಾಗದದ ಸುರುಳಿ, ಜೊತೆಗೆ ಬೆಂಜೆಡ್ರಿನ್ ಎಂದು ಎಲ್ಲರೂ ಹೇಳುತ್ತಾರೆ. ಕೆರೊವಾಕ್ ಮಾತ್ರ ಗೆಳೆಯನಿಗೆ ಬರೆದ ಪತ್ರದಲ್ಲಿ ಅದು ಕಾಫಿಯ ಪ್ರತಾಪ ಎಂದಿದ್ದ. ‘ಆನ್ ದಿ ರೋಡ್’ ಸುರುಳಿಗೂ ಮೊದಲು ಟಿಪ್ಪಣಿ ಪುಸ್ತಕಗಳಲ್ಲಿ ವರ್ಷಗಟ್ಟಲೆ ಬೆಳೆದಿತ್ತು, ತಿದ್ದುಪಡಿಗಳಾಗಿ ಅಚ್ಚಾದದ್ದು 1957ರಲ್ಲಿ.

ಕಾನೂನು ನಿಧಾನವಾಗಿ ಬಂತು. ಲಂಡನ್ನಿನ ಮನೋವೈದ್ಯ ಕಾನೆಲ್ ಆಂಫೆಟಮಿನ್ ತರುವ ಹುಚ್ಚಿನ ಬಗ್ಗೆ 42 ರೋಗಿಗಳನ್ನು ಕುರಿತ ಪುಸ್ತಕ ಬರೆದದ್ದು 1958ರಲ್ಲಿ, ಬ್ರಿಟನ್ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿದ್ದು 1964ರಲ್ಲಿ. 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು, ಅಮೆರಿಕ ಬಿಗಿ ಮಾಡಿತು, ಕೋರಿಡ್ರೇನ್ ಅಂಗಡಿಯಿಂದ ಮರೆಯಾಯಿತು. ಭಾರತದ ಎನ್‌ಡಿಪಿಎಸ್ ಕಾಯ್ದೆ 1985ರದು. 50 ಗ್ರಾಂ ಆಂಫೆಟಮಿನ್ ಅದರಲ್ಲಿ ‘ವಾಣಿಜ್ಯ ಪ್ರಮಾಣ’, ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ. ಗಮನ ನಿಲ್ಲದ ತೊಂದರೆಗೆ ವೈದ್ಯರು ಅಳತೆ ಮಾಡಿ ಕೊಡುವ ಉತ್ತೇಜಕಗಳ ಮಾತೇ ಬೇರೆ. ಅವನ್ನು ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನ ಡಬ್ಬಿಯಿಂದ ಎತ್ತಿಕೊಳ್ಳುವುದರ ಜೊತೆ ಸೇರಿಸಬಾರದು.

ಗ್ರೀನ್‌ಗೆ ಆ ಆರು ವಾರಗಳು ಸುಮ್ಮನೆ ಕಳೆಯಲಿಲ್ಲ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಕೈ ನಡುಗುತ್ತಿತ್ತು, ಮಾತು ಮಾತಿಗೆ ಸಿಡುಕು. ತನ್ನ ದಾಂಪತ್ಯ ಮುರಿದದ್ದರಲ್ಲಿ ಯುದ್ಧಕ್ಕಿಂತ, ತನ್ನ ಪರಸ್ತ್ರೀ ಸಂಬಂಧಗಳಿಗಿಂತ ಆ ಬೆಂಜೆಡ್ರಿನ್ ದಿನಗಳ ಪಾಲೇ ಹೆಚ್ಚು ಎಂದು ಅವನು ಬರೆದಿದ್ದಾನೆ. ಪರಸ್ತ್ರೀ ಸಂಬಂಧಗಳನ್ನು ಮಾತ್ರೆಯ ಹಿಂದೆ ನಿಲ್ಲಿಸುವ ಈ ಲೆಕ್ಕ ನನಗೆ ಪೂರ್ತಿ ಹಿಡಿಸುವುದಿಲ್ಲ, ಇರಲಿ. ಆಮೇಲೆ ಪ್ರಮಾಣ ಕಡಿಮೆ ಮಾಡುತ್ತಾ ಅವನು ಆ ಚಟ ಬಿಟ್ಟ.

ಫಿಲಿಪ್ ಕೆ. ಡಿಕ್ ಮುಟ್ಟುತ್ತಲೇ ಹೋದ. ಕಾಸಿಗಾಗಿ, 60ರ ದಶಕದಲ್ಲಿ, ಒಂದರ ಹಿಂದೊಂದು ಕಾದಂಬರಿ. 1977ರ ‘ಎ ಸ್ಕ್ಯಾನರ್ ಡಾರ್ಕ್‌ಲಿ’ಯಲ್ಲೂ ಗುಪ್ತವಾಗಿ ಕೆಲಸ ಮಾಡುವ ಏಜೆಂಟನೇ ನಾಯಕ. ಅಲ್ಲಿ ಡಿ. ಎನ್ನುವುದು ಮನುಷ್ಯನ ಹೆಸರಲ್ಲ, ಮದ್ದಿನ ಹೆಸರು. ಕಾಕತಾಳೀಯವೇ, ಆದರೂ ನನಗೆ ಮೈ ಜುಮ್ಮೆಂದಿತು. ಮಿದುಳಿನ ಎರಡು ಭಾಗಗಳನ್ನು ಅದು ಬೇರ್ಪಡಿಸುತ್ತದೆ, ಆ ಪೊಲೀಸಿನವನು ತನ್ನ ಮೇಲೇ ತಾನು ಕಣ್ಣಿಡುತ್ತಾ ಕೊನೆಗೆ ತನ್ನನ್ನೇ ಗುರುತಿಸದಂತಾಗುತ್ತಾನೆ. ಗ್ರೀನ್‌ನ ಪುಸ್ತಕದಲ್ಲಿ ಕಥೆಯನ್ನು ಓಡಿಸುವ ಇಂಧನವಾಗಿದ್ದ ಸಂಶಯ ಇಲ್ಲಿ ಕಥೆಯ ವಸ್ತುವೇ ಆಗಿದೆ. ಮೊದಲ ಪುಟದಲ್ಲೇ ಒಬ್ಬ ತನ್ನ ಮೈಮೇಲೆ ಇಲ್ಲದ ಹುಳುಗಳನ್ನು ಕೆರೆಯುತ್ತಾ ನಿಂತಿದ್ದಾನೆ. ಕಾದಂಬರಿ ಮುಗಿದ ಮೇಲೆ ಡಿಕ್ ಒಂದು ಟಿಪ್ಪಣಿ ಸೇರಿಸಿದ್ದಾನೆ: ಸತ್ತ, ಮತಿಗೆಟ್ಟ, ಅಂಗಾಂಗಗಳಿಗೆ ಹಾನಿಯಾದ ಗೆಳೆಯರ ಹೆಸರುಗಳ ಪಟ್ಟಿ, ಒಬ್ಬೊಬ್ಬರ ಮುಂದೆ ಅವರವರ ನಷ್ಟ. ಅದರಲ್ಲಿ ಫಿಲ್ ಎಂಬ ಹೆಸರೂ ಇದೆ, ಮೇದೋಜೀರಕ ಗ್ರಂಥಿಗೆ ಕಾಯಂ ಹಾನಿ ಎಂಬ ವಿವರದೊಂದಿಗೆ.