ಕಾವೇರಿಯ ಕಡೆಯವರು

ನಮ್ಮ ಆಸ್ಪತ್ರೆಗಳ ಹಜಾರದಲ್ಲಿ ದಿನವೂ ಕೇಳಿಬರುವ ಕೂಗೊಂದುಂಟು: ‘ರೋಗಿಯ ಕಡೆಯವರು ಯಾರು?’ ಕೂಗಿದೊಡನೆ ಮೂಲೆಯ ಬೆಂಚಿನಿಂದಲೋ ಮಂಚದ ಪಕ್ಕದ ಚಾಪೆಯಿಂದಲೋ ಒಬ್ಬರು ಎದ್ದು ಬರುತ್ತಾರೆ. ಔಷಧದ ಚೀಟಿ ಹಿಡಿದು ಅಂಗಡಿಗೆ ಓಡುವವರು, ಗಂಜಿ ಕುಡಿಸುವವರು, ಬೆಡ್‌ಪ್ಯಾನು ಹಿಡಿಯುವವರು, ನಡುರಾತ್ರಿ ಗ್ಲೂಕೋಸಿನ ಬಾಟಲಿ ಮುಗಿಯಿತೆಂದು ನರ್ಸಮ್ಮನನ್ನು ಕರೆತರುವವರು ಇವರೇ. ಇವರಿಗೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಇವರೆಲ್ಲ ಒಂದು ದಿನ ಮನೆಗೆ ಹೋಗಿಬಿಟ್ಟರೆ ಆಸ್ಪತ್ರೆಯ ಅರ್ಧ ಕೆಲಸ ನಿಂತುಹೋದೀತು.

‘ಕಡೆಯವರು’ ಎಂಬ ಮಾತು ನನಗೆ ಹಿಡಿಸಿದೆ. ಅದು ನಂಟನ್ನು ಹೇಳುವಷ್ಟೇ ಪಕ್ಷವನ್ನೂ ಹೇಳುತ್ತದೆ. ಇಂಥವರು ಯಾರ ಕಡೆ ನಿಂತಿದ್ದಾರೆ ಎಂಬುದೇ ಅಲ್ಲಿಯ ಪ್ರಶ್ನೆ. ನಮ್ಮ ಕಾದಂಬರಿಗಳಲ್ಲಿ ಕಾಯಿಲೆಗೇನೂ ಕೊರತೆಯಿಲ್ಲ. ಕ್ಷಯವಿದೆ, ಪ್ಲೇಗಿದೆ, ಹೆರಿಗೆಯ ಸಾವಿದೆ, ಕಣ್ಣೀರು ಧಾರಾಳವಾಗಿದೆ. ಆದರೆ ರೋಗಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟವರ ಮೇಲೆ ಕಾದಂಬರಿಕಾರರ ದೃಷ್ಟಿ ಬಿದ್ದುದು ಕಡಿಮೆ. ಬಿದ್ದ ಕೃತಿಗಳಲ್ಲಿ ತ್ರಿವೇಣಿಯವರ ‘ಶರಪಂಜರ’ ಮುಖ್ಯವಾದುದೆಂದು ನನ್ನ ಭಾವನೆ. ಅದನ್ನು ಹಾಗೆ ಓದಿದವರು ಮಾತ್ರ ವಿರಳ.

ಕತೆ ಎಲ್ಲರಿಗೂ ಗೊತ್ತಿರುವುದೇ. ಕಾವೇರಿ ಸತೀಶನ ಮೆಚ್ಚಿನ ಹೆಂಡತಿ, ತುಂಬಿದ ಸಂಸಾರ. ಹೆರಿಗೆಯ ತರುವಾಯ ಅವಳ ಬುದ್ಧಿ ಕದಡುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಮನೆಯಾದರೋ ಅವಳು ಗುಣವಾದುದನ್ನು ನಂಬುವುದಿಲ್ಲ. ಗಂಡನ ಮನಸ್ಸು ಬೇರೆಡೆಗೆ ಹರಿದಿದೆ, ನೆರೆಹೊರೆಯ ಕಣ್ಣಿಗೆ ಅವಳು ಹುಚ್ಚಿಯೇ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ.

ಹುಚ್ಚಿಯೊಬ್ಬಳ ಕರುಣಕಥೆ ಎಂದು ಇದನ್ನು ಕೊಂಡಾಡಿದವರುಂಟು. ನಿಷ್ಠೆಗೆಟ್ಟ ಗಂಡನ ಕತೆ ಎಂದವರುಂಟು. ‘ಹೆಂಗಸರ ಕಾದಂಬರಿ’ ಎಂದು ಬದಿಗಿರಿಸಿದ ಪಂಡಿತರೂ ಉಂಟು. ಈ ಮೂರನೆಯವರಿಗೆ ನಾನು ಉತ್ತರ ಕೊಡಹೋಗುವುದಿಲ್ಲ. ಮೊದಲಿನವರಿಗೆ ಒಂದು ಮಾತು: ಲೇಖಕಿಯ ಗಮನ ಕಾಯಿಲೆಗಿಂತ ಕಾಯಿಲೆ ಕಳೆದ ಮೇಲಿನ ದಿನಗಳ ಮೇಲೆ ನೆಟ್ಟಿದೆ. ವೈದ್ಯರ ಕೆಲಸ ಮುಗಿದು ಮನೆಯವರ ಕೆಲಸ ಶುರುವಾಗುವ ಹೊಸ್ತಿಲಿನಲ್ಲಿ ಕೃತಿಯ ಜೀವವಿದೆ. ನಕ್ಕರೆ ಏಕೆ ನಕ್ಕಳು, ಸಿಟ್ಟಾದರೆ ಏಕೆ ಸಿಟ್ಟಾದಳು ಎಂಬ ಅನುಮಾನ. ಎಲ್ಲರಿಗೂ ಬರುವ ಕೋಪ ಅವಳಿಗೆ ಬಂದರೆ ಅದು ರೋಗದ ಲಕ್ಷಣ. ಅವಳನ್ನು ಯಾರೂ ಹೊಡೆಯುವುದಿಲ್ಲ, ಉಪವಾಸ ಕೆಡಹುವುದಿಲ್ಲ, ಕಾಯುತ್ತಾರೆ, ಅಷ್ಟೆ. ಕಾಯುವುದಕ್ಕೂ ಕಾವಲಿಗೂ ಇರುವ ಅಂತರವನ್ನು ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬಲ್ಲ ಕಾದಂಬರಿಯನ್ನು ನಾನು ಬೇರೆ ಓದಿಲ್ಲ.

ತ್ರಿವೇಣಿಯವರು ಮನಃಶಾಸ್ತ್ರ ಓದಿದವರು. 1963ರಲ್ಲಿ, ಮೂವತ್ತೈದು ತುಂಬುವ ಮುನ್ನವೇ, ತೀರಿಕೊಂಡರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಂಶೋಧಕರು ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರ ಬೆನ್ನುಹತ್ತಿ ಹೋಗಿ, ಅವರು ಎಂಥ ಮನೆಗೆ ಮರಳಿದರೆಂದು ವಿಚಾರಿಸುತ್ತಿದ್ದರು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡವರ ಪೈಕಿ, ಮಾತುಮಾತಿಗೆ ತಪ್ಪೆಣಿಸುವ ಅಥವಾ ಅತಿಯಾಗಿ ಮೇಲೆಬಿದ್ದು ಆರೈಕೆ ಮಾಡುವ ಮನೆಗೆ ಹೋದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಆ ಅಧ್ಯಯನಗಳು ಕಂಡುಕೊಂಡವು. ಕಾವೇರಿಯ ರೋಗ ಬೇರೆ, ಒಪ್ಪುತ್ತೇನೆ. ಆದರೂ ಸಂಶೋಧಕರು ಎಣಿಕೆಯಿಂದ ತೋರಿಸಿದುದನ್ನು ನಮ್ಮ ಲೇಖಕಿಯೊಬ್ಬರು ಮನೆಯೊಳಗೆ ಕುಳಿತು ಕಂಡಿದ್ದರೆಂಬುದು ಸಣ್ಣ ಸಂಗತಿಯಲ್ಲ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆಗೋಲು ಹಿಡಿದು ನೋಡಿದಾಗ, ಅಲ್ಲಿಯ ಕುಟುಂಬಗಳಲ್ಲಿ ಇಂಥ ಟೀಕೆ ಲಂಡನ್ನಿಗಿಂತ ಕಡಿಮೆಯೆಂದು ತಿಳಿದುಬಂತು. ಅದನ್ನೇ ಹಿಡಿದುಕೊಂಡು ‘ನಮ್ಮ ಕೂಡುಕುಟುಂಬವೇ ಮದ್ದು’ ಎಂದು ಬೀಗುವವರ ಕೈಗೆ ‘ಶರಪಂಜರ’ವನ್ನು ಕೊಡಬೇಕು. ಸರಾಸರಿ ಎಷ್ಟೇ ಚೆನ್ನಾಗಿರಲಿ, ಕಾವೇರಿ ಬಾಳಬೇಕಾದುದು ಒಂದೇ ಮನೆಯಲ್ಲಿ.

ಕಾವೇರಿಗೆ ಬಂದುದನ್ನು ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣಿಸಿಕೊಳ್ಳುವ ರೋಗ. ಬಹುಮಟ್ಟಿಗೆ ಮೊದಲ ಎರಡು ವಾರಗಳೊಳಗೆ ತಲೆದೋರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಗುಣವಾಗುತ್ತಾರೆ. ನಿದ್ದೆ ಹಾರಿಹೋಗುವುದು ಅದರ ಮೊದಲ ಸೂಚನೆಗಳಲ್ಲೊಂದು. ಬಾಣಂತಿ ಮಗುವಿನ ಅಳುವಿನಿಂದ ಎಚ್ಚರವಾಗಿದ್ದಾಳೋ, ಮಗು ಮಲಗಿದರೂ ಎಚ್ಚರವಾಗಿದ್ದಾಳೋ ಎಂಬುದನ್ನು ಯಾವ ವೈದ್ಯ ಬಲ್ಲ? ಬಾಣಂತಿಕೋಣೆಯಲ್ಲಿ ಪಕ್ಕಕ್ಕೆ ಮಲಗುವ ತಾಯಿ ಬಲ್ಲಳು. ನಮ್ಮ ಸೀಮೆಯಲ್ಲಿ ಬಾಣಂತನ ತವರಿನ ಕೆಲಸ. ಎಣ್ಣೆನೀರು, ಪಥ್ಯ, ಸಾಂಬ್ರಾಣಿಯ ಹೊಗೆ, ಎಲ್ಲದರ ನಡುವೆ ಮಗಳ ಮುಖದ ಬದಲಾವಣೆಯನ್ನು ಮೊದಲು ಗುರುತಿಸುವವಳು ಅವಳೇ. ಅವಳು ‘ದೃಷ್ಟಿಯಾಗಿದೆ’ ಎಂದು ಉಪ್ಪು ನಿವಾಳಿಸಿ ಸುಮ್ಮನಾಗುತ್ತಾಳೋ, ಗಾಡಿ ತರಿಸುತ್ತಾಳೋ ಎಂಬುದರ ಮೇಲೆ ಎರಡು ಜೀವಗಳು ನಿಂತಿರುತ್ತವೆ.

ಕಾದಂಬರಿಯ ಇನ್ನೊಂದು ಸೂಕ್ಷ್ಮ. ಮದುವೆಗೆ ಹಿಂದಿನ ಘಟನೆಯೊಂದು ಕಾವೇರಿಯ ಮನಸ್ಸಿನಲ್ಲಿ ಹುದುಗಿತ್ತು. ರೋಗದ ಭರದಲ್ಲಿ ಅದು ಹೊರಬೀಳುತ್ತದೆ. ವೈದ್ಯರ ಕಿವಿಗೆ ಬಿದ್ದ ಗುಟ್ಟು ಗುಟ್ಟಾಗಿಯೇ ಉಳಿಯಬೇಕೆಂಬ ಕಟ್ಟಳೆಯಿದೆ. ಮಂಚದ ಬಳಿಯ ಗಂಡನಿಗೆ ಅಂಥ ಕಟ್ಟಳೆ ಯಾವುದು? ಆರೈಕೆ ಮಾಡುವವನು ರೋಗಿಯನ್ನು ಬತ್ತಲೆಯಾಗಿ ಕಾಣುತ್ತಾನೆ, ಮೈಯನ್ನೂ ಮನಸ್ಸನ್ನೂ. ಕಂಡದ್ದನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸತೀಶ ಅದನ್ನು ಆಪಾದನೆಯಾಗಿ ಇಟ್ಟುಕೊಂಡ. ಅವನ ಕ್ರೌರ್ಯದ ಬೇರು ಇಲ್ಲಿದೆ. ಇನ್ನೊಬ್ಬಳ ಸಂಗ ಆಮೇಲಿನದು.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಸತೀಶನನ್ನು ಲೇಖಕಿ ತೀರ ಸುಲಭವಾಗಿ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಅವನಿಗೆ ಪರಸ್ತ್ರೀಸಂಗವನ್ನು ಅಂಟಿಸಿದ ಕ್ಷಣದಲ್ಲೇ ಓದುಗನಿಗೆ ನೆಮ್ಮದಿಯಾಗುತ್ತದೆ: ಇವನು ಕೆಟ್ಟವನು, ನಾನು ಹಾಗಲ್ಲ. ಕಾಫ್ಕನ ‘ಮೆಟಮಾರ್ಫಸಿಸ್’ (1915) ಓದಿದವರಿಗೆ ಈ ನೆಮ್ಮದಿ ಸಿಕ್ಕುವುದಿಲ್ಲ. ಹುಳುವಾಗಿಬಿಟ್ಟ ಗ್ರೆಗರ್‌ನಿಗೆ ತಂಗಿ ಗ್ರೇಟೆ ತಾನೇ ಮುಂದಾಗಿ ಊಟ ಕೊಡುತ್ತಾಳೆ, ಕೋಣೆ ಗುಡಿಸುತ್ತಾಳೆ, ಅವನಿಗೆ ಯಾವುದು ಸೇರುತ್ತದೆಂದು ಪರೀಕ್ಷಿಸುತ್ತಾಳೆ. ತಿಂಗಳುಗಳು ಕಳೆದಂತೆ ಬಳಲುತ್ತಾಳೆ. ಕೊನೆಗೆ ‘ಇದನ್ನು ತೊಲಗಿಸಬೇಕು’ ಎಂದು ಮೊದಲು ಬಾಯಿಬಿಡುವವಳೂ ಅವಳೇ. ಅವಳು ಕೆಟ್ಟವಳಲ್ಲ, ದಣಿದವಳು. ನಮ್ಮ ಸತೀಶ ದಣಿಯಲು ಅವಕಾಶವೇ ಇಲ್ಲ, ಏಕೆಂದರೆ ಅವನು ಆರೈಕೆಗೆ ಕೈಹಾಕಿದವನೇ ಅಲ್ಲ. ಒಳ್ಳೆಯವನಾದ ಗಂಡನೊಬ್ಬ ಪ್ರಾಮಾಣಿಕವಾಗಿ ನೋಡಿಕೊಂಡು, ಸಾಲ ಮಾಡಿ, ರಜೆ ಮುಗಿದು, ಸೋತು ಕಾವೇರಿಯನ್ನು ಕೈಬಿಟ್ಟಿದ್ದರೆ ಕೃತಿ ಇನ್ನೂ ಭಯಂಕರವಾಗುತ್ತಿತ್ತು. ಸಾವಿತ್ರಿ ಗಂಡನಿಗಾಗಿ ಯಮನ ಬೆನ್ನುಹತ್ತಿದ ಕತೆಯನ್ನು ಬಾಯಿಪಾಠ ಮಾಡಿಸಿದ ನಾಡಿನಲ್ಲಿ, ಹೆಂಡತಿಯ ಹಾಸಿಗೆಯ ಬಳಿ ಕುಳಿತುಕೊಳ್ಳುವುದನ್ನು ಗಂಡಸಿಗೆ ಕಲಿಸುವ ಪುರಾಣವೊಂದೂ ನನಗೆ ಥಟ್ಟನೆ ನೆನಪಾಗುತ್ತಿಲ್ಲ. ಸತೀಶನ ಸೋಲಿಗೆ ಈ ಕಾರಣವೂ ಉಂಟು. ಕಾದಂಬರಿ ಅದನ್ನು ಕೆದಕುವುದಿಲ್ಲ.

ಕಲಿಸಲು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವೆಂದು ತೋರಿಸಿದವರು ತ್ರಿವೇಣಿಯವರ ಕಾಲದಲ್ಲೇ ಇದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಚಿಕಿತ್ಸೆ ಅವರ ಕಣ್ಣೆದುರೇ ನಡೆಯಿತು. ಅವರ ಭಯ ಅಲ್ಲಿಯೇ ಇಳಿಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ವಿಭಾಗವೂ ಅದೇ ದಶಕದಿಂದ ಈ ಹಾದಿ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇರಿಸಿಕೊಳ್ಳುವ ವಾರ್ಡನ್ನು ತೆರೆಯಿತು. ಕಾವೇರಿಯಂಥವರಿಗೆಂದೇ ಮಾಡಿದಂತಿದೆ ಅದು. ಅಲ್ಲಿ ಮನೆಯವರೊಬ್ಬರು ಜೊತೆಗಿದ್ದು, ಮಗುವನ್ನು ತಾಯಿಯ ಮಡಿಲಿಗೆ ಯಾವಾಗ ಕೊಡಬೇಕು, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನು ಅರಿತುಕೊಂಡು ಹೋಗುತ್ತಾರೆ. ‘ಪ್ರೀತಿಯಿಂದ ನೋಡಿಕೊಳ್ಳಿ’ ಎಂಬ ವಾಡಿಕೆಯ ಮಾತಿಗಿಂತ ಇದು ಬೇರೆಯೇ. ಪ್ರೀತಿಸಿ ಎನ್ನುವುದು ಬುದ್ಧಿವಾದವಾಯಿತು. ಮಾತ್ರೆ ನಿಲ್ಲಿಸಬೇಡಿ, ರಾತ್ರಿ ಅವಳನ್ನು ಮಲಗಲು ಬಿಡಿ, ಕೂಸನ್ನು ನೀವು ಎತ್ತಿಕೊಳ್ಳಿ ಎನ್ನುವುದು ವಿದ್ಯೆ.

ಪುಟ್ಟಣ್ಣ ಕಣಗಾಲರ 1971ರ ಚಿತ್ರದ ಬಗ್ಗೆ ಒಂದೇ ಮಾತು. ಕಲ್ಪನಾ ಅವರ ಅಭಿನಯ ಕಾವೇರಿಯನ್ನು ಎಷ್ಟು ದೊಡ್ಡವಳನ್ನಾಗಿಸಿತೆಂದರೆ ಅವಳ ಸುತ್ತಲಿನ ಮನೆ ಚಿಕ್ಕದಾಗಿಬಿಟ್ಟಿತು. ಜನ ನೆನಪಿಟ್ಟುಕೊಂಡದ್ದು ಅವಳ ನಗುವನ್ನು. ಆ ನಗುವನ್ನು ಬೆದರುಗಣ್ಣಿನಿಂದ ನೋಡುತ್ತಿದ್ದವರನ್ನಲ್ಲ. ಚಿತ್ರ ನೋಡಿ ಕಾದಂಬರಿಯನ್ನು ಓದಿದಂತಾಯಿತು ಎಂದುಕೊಂಡವರು ಪುಸ್ತಕಕ್ಕೆ ಹಿಂತಿರುಗಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಹತ್ತೊಂಬತ್ತನೆಯ ವಿಧಿ, ಮನೆಯವರು ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲಾಗದೆಂದು ಹೇಳುತ್ತದೆ. ಹದಿನೆಂಟನೆಯದು ರೋಗಿಯ ಕುಟುಂಬಕ್ಕೂ ನೆರವು ದೊರೆಯಬೇಕೆನ್ನುತ್ತದೆ. ಓದಿ ಸಂತೋಷಪಟ್ಟೆ. ಆದರೆ ಸತೀಶ ಕಾವೇರಿಯನ್ನು ಒಪ್ಪಲಿಲ್ಲವೆಂದು ಯಾವ ಅಧಿಕಾರಿ ಬರೆದುಕೊಂಡಾನು? ಅವಳು ಮನೆಗೆ ಬಂದಳು, ಅವಳಿಗೆ ಕೋಣೆಯಿತ್ತು, ಹೊತ್ತಿಗೆ ಊಟವಿತ್ತು. ದಾಖಲೆಯ ಪ್ರಕಾರ ಅವಳಿಗೆ ಕಡೆಯವರೂ ಇದ್ದರು.